ಆಮೆಗೆ ಬಂದ ಸ್ಪೀಡ್ ಟಿಕೆಟ್

ನಮ್ಮ ಮುದ್ರಣಾಲಯದ ವ್ಯಾನ್ ಡ್ರೈವರನ್ನು ಎಲ್ಲರೂ ಆಮೆ ಎಂದೇ ಕರೆಯುತ್ತಿದ್ದರು. ಸೈಕಲ್ಲಿನವರೂ ಬೆಲ್ ಹೊಡೆದು ಅವನ ವ್ಯಾನನ್ನು ಹಿಂದೆ ಹಾಕುತ್ತಾರೆ ಎಂದು ಬೈಂಡಿಂಗಿನವರು ನಗುತ್ತಿದ್ದರು.

ನನಗೆ ಆ ನಿಧಾನವೇ ಇಷ್ಟವಾಗಿತ್ತು. ನಾನು ಕರಡು ತಿದ್ದುವವಳು. ಅಚ್ಚಿಗೆ ಹೋಗುವ ಪ್ರತಿ ಹಾಳೆಯಲ್ಲೂ ತಪ್ಪು ಹುಡುಕುವುದು ನನ್ನ ಕೆಲಸ. ಮನೆಗೆ ಹೋದ ಮೇಲೂ ಹುಡುಕುತ್ತಲೇ ಇರುತ್ತೇನೆ: ಗ್ಯಾಸ್ ಆರಿಸಿದೆನೇ, ಬಾಗಿಲ ಚಿಲಕ ಹಾಕಿದೆನೇ. ನಾನು ತಿದ್ದಿದ ಹಾಳೆಗಳನ್ನು ಅವನು ಊರಾಚೆ ಇದ್ದ ನಮ್ಮ ಅಚ್ಚಿನ ಶೆಡ್ಡಿಗೆ ಒಯ್ದು, ಸಂಜೆ ಅಚ್ಚಾದ ಕಟ್ಟುಗಳನ್ನು ತರುತ್ತಿದ್ದ. ಹತ್ತು ನಿಮಿಷ ತಡವಾದರೆ ನಾನು ಗೇಟಿಗೆ ಬಂದು ನಿಲ್ಲುತ್ತಿದ್ದೆ.

"ಕಾಗದಕ್ಕೆ ಕಾಯ್ತಿದೀರೋ, ನನಗೆ ಕಾಯ್ತಿದೀರೋ ಪ್ರೂಫ್ ಮೇಡಂ?"

"ಕಾಗದಕ್ಕೆ."

"ಹಾಗಾದ್ರೆ ಕಾಗದ ಇಳಿಸಿ ನಾನು ಹೋಗ್ಲಾ?"

ನಾನು ಕನ್ನಡಕ ತೆಗೆದು ಒರೆಸುತ್ತಿದ್ದೆ, ಧೂಳಿಲ್ಲದಿದ್ದರೂ. ಅದನ್ನು ಮತ್ತೆ ಹಾಕಿಕೊಳ್ಳುವವರೆಗೆ ಅವನು ಸುಮ್ಮನೆ ನಿಂತಿರುತ್ತಿದ್ದ. ಆಮೇಲೆ ನಗುತ್ತಿದ್ದ. "ಮೊದ್ಲೇ ನಕ್ರೆ ನಿಮಗೆ ಕಾಣಲ್ವಲ್ಲ" ಎನ್ನುತ್ತಿದ್ದ.

ಅವನಿಗೆ ಲಾರಿ ಓಡಿಸುವ ಆಸೆ. ದೊಡ್ಡ ಲಾರಿಯ ಲೈಸೆನ್ಸ್ ಪಡೆದು ವರ್ಷವಾಗಿತ್ತು. ಊರಿನ ಸಾಗಣೆ ಕಂಪನಿಯೊಂದರಲ್ಲಿ ಹಗಲಿನ ರೂಟು ಖಾಲಿಯಾಗುವುದಿತ್ತು. ಬೆಳಗ್ಗೆ ಹೊರಟರೆ ಆರಕ್ಕೆ ವಾಪಸ್. ಅವನ ಅಪ್ಪನಿಗೆ ಕಣ್ಣು ಮಂಜು. ದಿನಾ ಸಂಜೆ ಏಳು ಗಂಟೆಗೆ ಹನಿ ಬಿಡಬೇಕು, ಬಿಡುವವನು ಅವನೇ. ಅದಕ್ಕೇ ಬೇರೆ ಯಾವ ಕಂಪನಿಯೂ ಅವನಿಗೆ ಬೇಡವಾಗಿತ್ತು.

"ಆ ಕೆಲಸ ಸಿಕ್ಕಿದ ದಿನ ನಿಮ್ಮನ್ನ ಒಂದು ಮಾತು ಕೇಳೋದಿದೆ."

"ಈಗ್ಲೇ ಕೇಳಿ."

"ಅವಸರ ಮಾಡಿದ್ರೆ ನಾನು ಆಮೆ ಹೇಗಾಗ್ತೀನಿ?"

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಅದೇನು ಮಾತು ಅಂತ ಗೊತ್ತಾಗ್ಲಿಲ್ವೇನೇ? ನಿನ್ನ ಡಿಗ್ರಿ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಬಿಡು."

ಗೊತ್ತಾಗಿತ್ತು. ಗೊತ್ತಾದ್ದರಿಂದಲೇ ಆ ರಾತ್ರಿ ನಾನು ಚಿಲಕ ನೋಡಲು ಏಳಲಿಲ್ಲ.

ಅದಾದ ಮುಂದಿನ ವಾರ, ಮಧ್ಯಾಹ್ನ ಮೂರೂವರೆಗೆ, ಒಂದು ಚೀಟಿಯ ಪ್ರತಿ ಮತ್ತೆ ನನ್ನ ಕಣ್ಣಿಗೆ ಬಿತ್ತು. ಮಕ್ಕಳ ಕೆಮ್ಮಿನ ಔಷಧದ ಬಾಟಲಿಗೆ ಅಂಟಿಸುವ ಚೀಟಿ ಅದು. ಎರಡು ಮಿಲಿ ಎಂದಿರಬೇಕಾದಲ್ಲಿ ಹನ್ನೆರಡು ಎಂದಿತ್ತು. ಬೆಳಗ್ಗೆ ನಾನೇ ನೋಡಿ ಸಹಿ ಹಾಕಿದ್ದೆ. ನಾಲ್ಕಕ್ಕೆ ಯಂತ್ರ ಶುರುವಾದರೆ ಅರ್ಧ ಗಂಟೆಯಲ್ಲಿ ಅಚ್ಚು ಮುಗಿದು, ಔಷಧದವರ ಗಾಡಿ ಎಲ್ಲವನ್ನೂ ಒಯ್ದುಬಿಡುತ್ತಿತ್ತು. ಫೋನು ಮಾಡಿದೆ. ಶೆಡ್ಡಿನ ಬೇರೆ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ವ್ಯಾನಿನಲ್ಲಿ ಅವನ ಪಕ್ಕ ಕೂತೆ. "ಸ್ವಲ್ಪ ಬೇಗ" ಎಂದೆ. ಮತ್ತೆ ಎಂದೆ. ಅವನು ನನ್ನ ಕೈಗಳನ್ನೊಮ್ಮೆ ನೋಡಿದ. ಅವು ಆ ಚೀಟಿಯನ್ನು ಮುದ್ದೆ ಮಾಡಿಬಿಟ್ಟಿದ್ದವು. ನೋಡಿದವನೇ ಗೇರ್ ಬದಲಿಸಿದ. ವ್ಯಾನು ಅಷ್ಟು ಜೋರಾಗಿ ಓಡಬಲ್ಲದು ಎಂದು ನನಗೆ ತಿಳಿದದ್ದು ಅವತ್ತೇ.

ಮೊದಲ ಹಾಳೆ ಹೊರಬರುವ ಮುಂಚೆ ಯಂತ್ರ ನಿಂತಿತು. ನಾನು ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟೆ. ಅವನು ನೀರು ತಂದುಕೊಟ್ಟ. "ಯಾರಿಗೂ ಹೇಳ್ಬೇಡಿ, ನಾನು ಇಷ್ಟು ಜೋರಾಗಿ ಬಂದೆ ಅಂತ. ಹೆಸರು ಹಾಳಾಗುತ್ತೆ."

ದಾರಿಯ ಕ್ಯಾಮೆರಾ ಹೇಳಿತು. ಹತ್ತು ದಿನಕ್ಕೆ ಸ್ಪೀಡ್ ಟಿಕೆಟ್ಟು, ಅತಿ ವೇಗಕ್ಕೆ ದಂಡ ಕಟ್ಟಿ ಎಂಬ ನೋಟಿಸು, ಅಂಚೆಯಲ್ಲಿ ಬಂತು. ವ್ಯಾನು ಮುದ್ರಣಾಲಯದ್ದು, ಅಂಚೆ ಒಡೆಯುವವಳು ನಾನು. ತಪ್ಪು ನನ್ನದು, ಇನ್ನು ಟಿಕೆಟ್ಟಿನ ಚಿಂತೆ ಅವನಿಗೇಕೆ ಎಂದುಕೊಂಡೆ. ಕಟ್ಟದ ಬಿಲ್ಲು ಮೇಜಿನ ಮೇಲಿದ್ದರೆ ನನಗೆ ಊಟ ಸೇರುವುದಿಲ್ಲ. ಓಡಿಸಿದವರು ಯಾರು ಎಂಬಲ್ಲಿ, ಫೈಲಿನಿಂದ ಅವನ ಲೈಸೆನ್ಸ್ ನಂಬರು ತೆಗೆದು ತುಂಬಿದೆ. ಸಹಿಯ ಜಾಗದಲ್ಲಿ ನನ್ನ ಗುಂಡು ಅಕ್ಷರದಲ್ಲೇ ಅವನ ಹೆಸರು ಬರೆದೆ. ಊಟದ ಬಿಡುವಿನಲ್ಲೇ ಹೋಗಿ ದಂಡ ಕಟ್ಟಿ ಬಂದೆ. ಅವನಿಗೆ ಹೇಳಲಿಲ್ಲ. ಹೇಳಿದರೆ ದುಡ್ಡು ವಾಪಸ್ ಕೊಡಲು ಬರುತ್ತಾನೆ ಎಂದು ಗೊತ್ತಿತ್ತು.

ದೀಪದ ಬುಡದಲ್ಲೇ ಕತ್ತಲೆ. ಊರವರ ಹಾಳೆಗಳನ್ನೆಲ್ಲ ತಿರುವಿ ನೋಡುವ ನಾನು ಆ ಹಾಳೆಯ ಹಿಂಬದಿ ನೋಡಲಿಲ್ಲ. ದಂಡ ಕಟ್ಟಿದರೂ ವಿಷಯ ಮೂರು ವರ್ಷ ಚಾಲಕನ ದಾಖಲೆಯಲ್ಲಿ ಉಳಿಯುತ್ತದೆ ಎಂದು ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು.

ತಿಂಗಳಾದ ಮೇಲೆ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸಂದರ್ಶನಕ್ಕೆ ಹೋದ. ವಾಪಸ್ ಬಂದವನು ಕಟ್ಟುಗಳನ್ನು ಇಳಿಸಿ, "ಆಗ್ಲಿಲ್ಲ ಮೇಡಂ" ಎಂದ.

"ಯಾಕೆ?"

"ಬೇರೆ ಯಾರೋ ಸಿಕ್ಕಿದ್ರಂತೆ."

ಆ ದಿನ ನಾನು ಕನ್ನಡಕ ಒರೆಸಿದೆ. ಅವನು ಕಾಯಲಿಲ್ಲ.

ಒಂದು ವಾರ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಕೊನೆಗೆ ಊಟದ ಬಿಡುವಿನಲ್ಲಿ ಆ ಕಂಪನಿಗೇ ಹೋದೆ. ಮ್ಯಾನೇಜರು ವಯಸ್ಸಾದವರು, ಹಳೆಯ ಡ್ರೈವರು. ಅವನ ಅರ್ಜಿಯನ್ನು ಮೇಜಿನ ಮೇಲಿಟ್ಟರು.

"ಒಂದು ಸ್ಪೀಡ್ ಟಿಕೆಟ್ಟಿಗೆ ನಾವು ಯಾರನ್ನೂ ವಾಪಸ್ ಕಳಿಸಲ್ಲಮ್ಮ. ನಾನೂ ತಿಂದಿದೀನಿ ಎರಡು. ಆದ್ರೆ ಟಿಕೆಟ್ ಇದೆಯಾ ಅಂತ ಕೇಳಿದ್ದಕ್ಕೆ ಇವನು ಇಲ್ಲ ಅಂತ ಬರೆದ. ದಾಖಲೆ ತೆಗೆಸಿದ್ರೆ ಇದೆ. ಸುಳ್ಳು ಹೇಳೋ ಕೈಗೆ ಲಾರಿ ಹೇಗೆ ಕೊಡ್ಲಿ?"

"ಅವ್ರಿಗೆ ಗೊತ್ತೇ ಇರಲಿಲ್ಲ ಸಾರ್. ದಂಡ ಕಟ್ಟಿದ್ದು ನಾನು. ಸಹಿಯೂ ನಂದೇ."

ಅವರು ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. "ದಾಖಲೆ ಜೊತೆ ಬಂದ, ಸಹಿ ಇರೋ ಟಿಕೆಟ್ಟಿನ ಕಾಗದ ತೋರಿಸ್ದೆ ಅವನಿಗೆ. ನೋಡ್ತಾ ಕೂತಿದ್ದ, ಓದು ಬಾರದವನ ಹಾಗೆ. ಆಮೇಲೆ 'ನಂದೇ ಸಾರ್, ಮರೆತಿದ್ದೆ' ಅಂದ. ಬೇರೆಯವರ ಸಹಿ ಹಾಕೋದು ಸಣ್ಣ ವಿಷಯ ಅಲ್ವಲ್ಲಮ್ಮ. ಅದು ಅವನಿಗೆ ಗೊತ್ತಿರಬೇಕು."

"ನಾನು ಬರೆದುಕೊಡ್ತೀನಿ ಸಾರ್. ಏನು ಬೇಕಾದ್ರೂ ಆಗ್ಲಿ."

"ಆ ರೂಟಿನ ಲಾರಿ ಇವತ್ತು ಬೆಳಗ್ಗೆ ಹೊರಟಾಯ್ತು. ಬೇರೆಯವನ ಕೈಲಿ."

ನನ್ನ ಅಕ್ಷರ ಅವನಿಗೆ ಚೆನ್ನಾಗಿ ಗೊತ್ತು. ಎರಡು ವರ್ಷದಿಂದ ಪ್ರತಿ ಕಟ್ಟಿನ ಮೇಲೂ ನಾನೇ ಚೀಟಿ ಬರೆಯುತ್ತಿದ್ದೆ.

ಸಂಜೆ ವ್ಯಾನಿನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವನು ಕಟ್ಟಿದ ಹಗ್ಗವನ್ನೇ ಮತ್ತೆ ಕಟ್ಟುತ್ತಿದ್ದ.

"ಬೈಯಿರಿ" ಎಂದೆ.

"ಬೈಯೋಕೆ ಬರಲ್ಲ. ನಿಧಾನಕ್ಕೆ ಕಲೀತೀನಿ." ನಕ್ಕ. ಆ ನಗು ಕಣ್ಣಿನವರೆಗೆ ಹತ್ತಲಿಲ್ಲ. "ಹೇಳಿದ್ರೆ ಸಾಕಿತ್ತು ಮೇಡಂ. ಹೌದು ಅಂತ ಬರೀತಿದ್ದೆ."

ಜೇಬಿನಿಂದ ಒಂದು ಅರ್ಜಿ ತೆಗೆದ. ದೂರದ ಕಂಪನಿ, ಗಡಿ ದಾಟುವ ಲಾರಿಗಳು. ಕೆಲಸ ಗೊತ್ತಾಗಿತ್ತು, ನಾಳೆ ಈ ಅರ್ಜಿ ಕೊಟ್ಟು ಸೇರಿಕೊಳ್ಳುವುದಷ್ಟೇ ಬಾಕಿ. ಹೋದರೆ ಎರಡು ತಿಂಗಳು ಬರುವಂತಿಲ್ಲ. ಕೆಲವು ದಾರಿಯಲ್ಲಿ ವಾರಗಟ್ಟಲೆ ಫೋನೂ ಸಿಗುವುದಿಲ್ಲ. ಅಪ್ಪನನ್ನು ತಂಗಿಯ ಮನೆಯಲ್ಲಿ ಬಿಡುವುದೆಂದು ಮಾತಾಗಿತ್ತು. ಕಣ್ಣಿನ ಹನಿ ಇನ್ನು ಅವಳ ಪಾಲು.

"ಪ್ರೂಫ್ ನೋಡಿಕೊಡಿ. ಈ ಸಲ ತಪ್ಪಾಗಬಾರದು."

ಓದಿದೆ. ಟಿಕೆಟ್ಟಿನ ಪ್ರಶ್ನೆಗೆ ಹೌದು ಎಂದಿತ್ತು. ಕಾರಣ ಎಂಬಲ್ಲಿ, 'ಒಬ್ಬರನ್ನು ಹೊತ್ತಿಗೆ ಸರಿಯಾಗಿ ತಲುಪಿಸಬೇಕಿತ್ತು.' ಕೊನೆಯಲ್ಲಿ, ತುರ್ತು ಬಂದರೆ ತಿಳಿಸಬೇಕಾದವರ ಹೆಸರು: ನನ್ನದು. ಪಕ್ಕದ ಸಂಬಂಧದ ಜಾಗ ಖಾಲಿ.

"ಇದೊಂದು ಬಿಟ್ಟಿದೀರಿ."

"ಅದನ್ನೇ ಕೇಳ್ಬೇಕು ಅಂತಿದ್ದೆ, ಆ ಕೆಲಸ ಸಿಕ್ಕಿದ ದಿನ."

"ಈಗ ಕೇಳಿ."

ಅವನು ನನ್ನ ಕೈಗಳನ್ನು ನೋಡಿದ, ಅವತ್ತು ವ್ಯಾನಿನಲ್ಲಿ ನೋಡಿದ ಹಾಗೆಯೇ. "ಹತ್ತು ನಿಮಿಷ ತಡ ಆದ್ರೆ ಗೇಟಿಗೆ ಬರ್ತೀರಿ. ಎರಡು ತಿಂಗಳು ನೀವೇನಾಗ್ತೀರಿ? ಸಂಜೆ ಮನೆಗೆ ಬರೋನಾಗಿ ಕೇಳ್ಬೇಕಿತ್ತು. ಖಾಲಿ ಬಿಟ್ರೆ ವಾಪಸ್ ಕಳಿಸ್ತಾರೆ, ಏನಾದ್ರೂ ಬರೆದುಬಿಡಿ."

ಅವನು ಹೇಳಿದ್ದು ನಿಜ. ಅಷ್ಟು ದಿನ ಕಾಯುವ ಧೈರ್ಯ ನನ್ನಲ್ಲಿದೆಯೇ ಎಂದು ಹುಡುಕಿದೆ, ಚಿಲಕ ಹುಡುಕುವ ಹಾಗೆ. ಕೈಗೆ ಏನೂ ಸಿಗಲಿಲ್ಲ. ಪೆನ್ನು ತೆಗೆದು 'ಸಹೋದ್ಯೋಗಿ' ಎಂದು ಬರೆದೆ. ನಾಳೆಯಿಂದ ಅದೂ ಸುಳ್ಳೇ. ಅವನ ಅರ್ಜಿಯಲ್ಲಿ ಎರಡನೆಯ ಸಲ, ನನ್ನಿಂದಲೇ.

ಅವನು ಓದಿದ. "ತಪ್ಪಿಲ್ಲ" ಎಂದು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

"ಹೋಗಿ ಬಾ" ಎಂದೆ. ಅವನನ್ನು ನೀನು ಎಂದದ್ದು ಅದೇ ಮೊದಲು. ಕೇಳಿಸಿತೋ ಇಲ್ಲವೋ, ಇಂಜಿನ್ ಶುರುವಾಗಿತ್ತು.

ವ್ಯಾನು ಗೇಟು ದಾಟಿ ಹೊರಟಿತು, ಎಂದಿನಂತೆ ನಿಧಾನವಾಗಿ. ಒಬ್ಬ ಸೈಕಲ್ಲಿನವನು ಬೆಲ್ ಹೊಡೆದು ಅದನ್ನು ದಾಟಿ ಹೋದ. ತಿರುವು ಬರುವವರೆಗೂ, ಓಡಿ ಹೋಗಿ ನಿಲ್ಲಿಸುವಷ್ಟು ಹೊತ್ತು ನನಗಿತ್ತು.