ಎರಡು ಫ್ಯಾನು, ಒಂದು ರೇಷ್ಮೆ ಎಳೆ

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಕಂಪ್ಯೂಟರು ಮೂರನೇ ಸಲ ಸತ್ತಿತು. ಈ ಸಲ ತಾನೊಂದೇ ಹೋಗಲಿಲ್ಲ. ಒಂದು ವರ್ಷದ ಕೆಲಸವನ್ನೂ ಜೊತೆಗೆ ಕರಕೊಂಡು ಹೋಯಿತು.

ಹಿಂದೂಪುರದ ನೇಕಾರ ನರಸಿಂಹಪ್ಪನ ಮನೆ. ಲೇಪಾಕ್ಷಿಯ ಕಂಬದ ಮೇಲಿನ ಕಲ್ಲುಬಳ್ಳಿಯನ್ನು ಸೀರೆಯಂಚಿಗೆ ಇಳಿಸಬೇಕೆಂದು ಅವನ ಮಗ ಮುರಳೀಕೃಷ್ಣ ವರ್ಷವಿಡೀ ಕೂತು ಬರೆದ ಡಿಸೈನು ಅದರೊಳಗಿತ್ತು. ಅದನ್ನು ಸೇವ್ ಮಾಡುತ್ತಿರುವಾಗಲೇ ಪರದೆ ಕಪ್ಪಾಯಿತು. ಫೈಲು ಕೆಟ್ಟುಹೋಯಿತು. ಎರಡನೇ ಪ್ರತಿ ಇಡುವ ಬುದ್ಧಿ ಅವನಿಗೆ ಬಂದಿರಲಿಲ್ಲ.

ಒಂಬತ್ತೂವರೆಗೆ ಹೆಡ್ ಕಾನ್ಸ್‌ಟೇಬಲ್ ಇಂದ್ರಾಣಿ ಬಂದಳು. ಹತ್ತೊಂಬತ್ತು ವರ್ಷದ ಸರ್ವೀಸು. ಕಳ್ಳತನ ನೋಡಿದ್ದಳು, ತಲೆ ಒಡೆದದ್ದು ನೋಡಿದ್ದಳು. ಫ್ಯಾನಿನ ಮೇಲೆ ಕಂಪ್ಲೇಂಟು ಇದೇ ಮೊದಲು.

"ಕಲ್ಯಾಣದುರ್ಗದ ಅಂಜಿ ಅಂತ, ನಮ್ಮ ಬೀಗರ ಊರೋನು," ನರಸಿಂಹಪ್ಪ ಗಂಟಲು ಹರಿಯುವಂತೆ ಹೇಳಿದ. "ಗುರುವಾರ ಕಂಪ್ಯೂಟರ್‌ಗೆ ಎರಡು ಹೊಸ ಫ್ಯಾನು ಹಾಕಿ ಹೋದ. ಆವತ್ತೊಂದು ದಿನ ಬೆಕ್ಕಿನಂಗೆ ಸದ್ದಿಲ್ಲ. ಶುಕ್ರವಾರದಿಂದ ರಾಕ್ಷಸನಂಗೆ ಅರಚ್ತೈತೆ. ನಕಲಿ ಮಾಲು ಹಾಕ್ಬುಟ್ಟವ್ನೆ ಕಣಮ್ಮ!"

"ವಾಪಸ್ ಕರೆಸಿ ತೋರಿಸ್ಬೇಕಾಗಿತ್ತು."

"ಕಳ್ಳನ್ನ ಮತ್ತೆ ಒಳಗೆ ಬಿಡ್ಲಾ? ಪೋಲೀಸ್ರು ನೋಡೋಗಂಟ ಆ ಫ್ಯಾನು ಯಾರೂ ಮುಟ್ಟಂಗಿಲ್ಲ ಅಂದ್ಬುಟ್ಟೆ."

"ಸದ್ದಿಲ್ಲದ ಫ್ಯಾನೇ ಯಾಕೆ ಬೇಕಾಗಿತ್ತು?"

ಅವನು ಮೂಲೆಯ ಮಂಚದ ಕಡೆ ಕೈ ತೋರಿಸಿದ. ಮಗಳು ಬನಶ್ರೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಂಟನೇ ತಿಂಗಳು. ಹಿಂದೆ ಎರಡು ಸಲ ಮಡಿಲು ತುಂಬದೆಯೇ ಬರಿದಾಗಿತ್ತು. ಮಗ್ಗದ ಕೋಣೆಯಲ್ಲಿ ಎಳೆಯ ಧೂಳು, ಅಲ್ಲಿ ಕಂಪ್ಯೂಟರು ಇಡುವಂತಿಲ್ಲ. ಉಳಿದದ್ದು ಈ ನಡುಮನೆ ಒಂದೇ. ಅವಳ ನಿದ್ದೆ ಕೆಡಬಾರದೆಂದು ಹಳೇ ಗೊರಗೊರ ಫ್ಯಾನು ತೆಗೆಸಿದ್ದರು.

"ಒಂದ್ಸಲ ಹಾಕಿ ತೋರ್ಸು," ಇಂದ್ರಾಣಿ ಅಂದಳು.

ಮುರಳಿ ಗುಂಡಿ ಒತ್ತಿದ. ಸೆಕೆ ಅಂತ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ತೆಗೆದಿಟ್ಟಿದ್ದರು. ಮೊದಲು ಗುನುಗು, ಆಮೇಲೆ ಮೊರೆತ, ಆಮೇಲೆ ಕಿರುಚಾಟ. ಒಂಬತ್ತನೇ ನಿಮಿಷಕ್ಕೆ ಪಟ್ಟನೆ ನಿಂತಿತು. ಇಂದ್ರಾಣಿಗೆ ತಲೆ ಸಿಡಿಯುತ್ತಿತ್ತು. ಆ ಒಂಬತ್ತು ನಿಮಿಷ ಅವಳ ಕಣ್ಣಿಗೆ ನೆಮ್ಮದಿ ಕೊಟ್ಟದ್ದು ಪೆಟ್ಟಿಗೆಯ ಹಿಂದಿನ ಗೋಡೆಗೂಡು ಒಂದೇ. ಅಲ್ಲಿ ಕದಿರಿ ನರಸಿಂಹಸ್ವಾಮಿಯ ಪಟ, ಅದರ ಮುಂದೆ ದೀಪ. ಕುಡಿ ಪೆಟ್ಟಿಗೆಯ ಕಡೆಗೆ ಒಂದಿಷ್ಟು ಬಾಗಿತ್ತು, ತಲೆಬಾಗಿ ನಿಂತ ಭಕ್ತನ ಹಾಗೆ. ಅವಳ ಕೈ ತಾನಾಗಿ ಕೆನ್ನೆ ಮುಟ್ಟಿಕೊಂಡಿತು.

ನರಸಿಂಹಪ್ಪನ ಹೆಂಡತಿ ಆದಿಲಕ್ಷ್ಮಿ ದೀಪಕ್ಕೆ ಎಣ್ಣೆ ಬಿಟ್ಟಳು.

"ಮಗಳ ಹೆರಿಗೆಗೆ ಹರಕೆ," ನರಸಿಂಹಪ್ಪ ಅಂದ. "ನಲವತ್ತೆಂಟು ದಿನ ಆರಬಾರ್ದು. ಇವತ್ತಿಗೆ ಮೂವತ್ತಮೂರು. ಅದು ಮುಗಿಯೋಗಂಟ ನನ್ನ ಹೆಂಡ್ತಿ ಹೊಸ್ತಿಲು ದಾಟಂಗಿಲ್ಲ."

ಇಂದ್ರಾಣಿ ಮುರಳಿಯನ್ನು ಹೊರಗೆ ಕರೆದಳು.

"ಡಿಸೈನು ಯಾರಾದ್ರೂ ಕೇಳಿದ್ರಾ?"

"ಪರಿಗಿಯ ವ್ಯಾಪಾರಿ ಒಬ್ರು ಕೇಳಿದ್ರು. ಕೊಡಲ್ಲ ಅಂದೆ."

"ಕೊಟ್ಟು, ಕಂಪ್ಯೂಟರ್ ಕೆಡ್ತು ಅಂತ ನಾಟಕ ಆಡ್ತಿಲ್ಲ ತಾನೆ?"

"ನಾನು ನೆಟ್ಟ ಬಳ್ಳೀನ ನಾನೇ ಕಿತ್ತಾಕ್ಕೊಂತೀನಾ ಮೇಡಂ?" ಮೂವತ್ತು ದಾಟಿದ ಗಂಡಸು, ಬೀದಿಯಲ್ಲೇ ಅತ್ತುಬಿಟ್ಟ.

ನಾಟಕವಲ್ಲ. ಒಂದು ದಾರಿ ಮುಚ್ಚಿತು. ಅಷ್ಟರಲ್ಲಿ ಎಸ್ಸೈ ಜಯಚಂದ್ರನ ಫೋನು. "ಸಾಯಂತ್ರಾನಿಕಿ ಅಯಿಪೋವಾಲ, ಇಂದ್ರಾಣಿ! ಸಂಜೆಯೊಳಗೆ ಮುಗೀಬೇಕು. ಆ ಅಂಜಿ ಲಾಕಪ್ಪಲ್ಲಿರ್ಬೇಕು, ಇಲ್ಲ ಅವನು ಕಳ್ಳ ಅಲ್ಲ ಅಂತ ನನಗೆ ತೋರಿಸ್ಬೇಕು."

\* \* \*

ಕಲ್ಯಾಣದುರ್ಗದಲ್ಲಿ ಬಸ್ಸಿಳಿದಾಗ ಎರಡು ಗಂಟೆ. ಬೆನ್ನು ಮುರಿದುಹೋಗಿತ್ತು. ಬಸ್‌ಸ್ಟ್ಯಾಂಡ್ ಎದುರಿಗೇ ಅಂಜಿಯ ಅಂಗಡಿ, ಬೀರುವಿನಷ್ಟು ಅಗಲ. ನಲವತ್ತರ ಹತ್ತಿರದ ಸಣಕಲ ಮನುಷ್ಯ. ಪೋಲೀಸು ಕಂಡು ಎದ್ದು ನಿಂತ.

"ನಕಲಿ ಅಲ್ಲ ಮೇಡಂ, ಬೇಕಾದ್ರೆ ಡಬ್ಬ ನೋಡಿ. ಬಿಲ್ಲೂ ಐತೆ."

ಇತ್ತು. ಎರಡೂ ಸರಿಯಾಗಿತ್ತು. ಇಂದ್ರಾಣಿಗೆ ರೇಗಿತು. ಮೂರೂವರೆ ಗಂಟೆ ಬಸ್ಸಲ್ಲಿ ಕುಲುಕಿ ಬಂದದ್ದು ಬಿಲ್ಲು ಓದುವುದಕ್ಕಾ? ಅಂಗಡಿಯ ಕಂಪ್ಯೂಟರಿನತ್ತ ಬಗ್ಗಿದಳು. ಪೆನ್‌ಡ್ರೈವ್ ಒಂದು ಸಿಕ್ಕಿಕೊಂಡಿತ್ತು. ಪರದೆಯ ಮೇಲೆ ಹೆಸರು: ಲೇಪಾಕ್ಷಿ ಬಳ್ಳಿ.

"ಇದೇನಯ್ಯಾ?"

ಅಂಜಿಯ ಮುಖ ಬಿಳಿಚಿತು. "ಪೆಟ್ಟಿಗೆ ಬಿಚ್ಚೋಕೆ ಮುಂಚೆ ಒಂದು ಪ್ರತಿ ತಗೀತೀನಿ ಮೇಡಂ. ಯಾರದಾದ್ರೂ ಸರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಂತ."

"ಮನೆಯವರಿಗೆ ಹೇಳಿದ್ಯಾ?"

"ಹೇಳಿದ್ರೆ ಕಳ್ಳ ಅಂದ್ಕೊತಾರೆ ಅಂತ ಹೇಳ್ಲಿಲ್ಲ."

"ಈಗ ನಾನು ಏನಂದ್ಕೊಳ್ಲಿ?"

ಶಟರು ಎಳೆಸಿದಳು. ಅವನ ಮಣಿಕಟ್ಟು ಹಿಡಿದು ಬಸ್‌ಸ್ಟ್ಯಾಂಡಿನ ನಡುವೆ ನಡೆಸಿದಳು. ಟೀ ಅಂಗಡಿಯ ದಾಸಣ್ಣ ಲೋಟ ಎತ್ತಿದವನು ಹಾಗೇ ನಿಂತ. "ಏಮಿ ಅಂಜೀ, ಯಾಡಿಕಿ?" ಎಲ್ಲಿಗೆ ಅನ್ನುವ ಆ ಪ್ರಶ್ನೆ ಕೇಳಿದ್ದೇ ಅಂಜಿ ತಲೆ ತಗ್ಗಿಸಿ ಬಸ್ಸು ಹತ್ತಿದ.

ಬಸ್ಸು ಊರು ದಾಟಿತು. ಕಳ್ಳ ಸಿಕ್ಕ ಸಮಾಧಾನ ಇಂದ್ರಾಣಿಗೆ ಬರಲೇ ಇಲ್ಲ. ಡಿಸೈನು ಕದ್ದವನು ಕಂಪ್ಯೂಟರನ್ನೂ ಯಾಕೆ ಕೆಡಿಸುತ್ತಾನೆ? ಪೋಲೀಸು ಬರಲಿ ಅಂತಲಾ? ಒಂದು ತುದಿ ಸಿಕ್ಕರೆ ಇನ್ನೊಂದು ತಪ್ಪುತ್ತಿತ್ತು.

"ಲೋ, ಒಂದು ಫ್ಯಾನು ಸಾಲ್ತಿರ್ಲಿಲ್ವಾ?" ಸಿಡುಕಿದಳು.

ಕೆಲಸದ ಮಾತು ಬಂದದ್ದೇ ಅಂಜಿಗೆ ದನಿ ಬಂತು. "ಚಿಕ್ಕದು ಒಂದೇ ಇದ್ರೆ ಜೋರಾಗಿ ತಿರುಗ್ಬೇಕು ಮೇಡಂ, ಅದಕ್ಕೇ ಅರಚೋದು. ದೊಡ್ಡವು ಎರಡು ನಿಧಾನಕ್ಕೆ ತಿರುಗಿದ್ರೆ ಸದ್ದಿರಲ್ಲ. ಪ್ರೊಸೆಸರ್ ಮೇಲಿನ ತಗಡಿನ ಗೋಪುರಕ್ಕೆ ಆ ಕಡೆ ಒಂದು, ಈ ಕಡೆ ಒಂದು. ಮುಂದಿಂದು ಗಾಳೀನ ನೂಕ್ಬೇಕು, ಹಿಂದಿಂದು ಎಳೀಬೇಕು. ಎರಡೂ ಒಂದೇ ದಾರಿ."

"ಆ ಗಾಳಿ ಎತ್ಲಾಗೆ ಹೋಗ್ತದೆ?"

"ಪೆಟ್ಟಿಗೆ ಹಿಂದಕ್ಕೆ. ಗೋಡೆ ಎರಡು ಗೇಣು ದೂರ ಇತ್ತು, ಸಾಕು ಅಂದ್ಕೊಂಡೆ. ಗೋಡೆಗೂಡಲ್ಲಿ ಏನೈತೆ ಅಂತ ನೋಡ್ಲಿಲ್ಲ."

ಇಂದ್ರಾಣಿ ನೆಟ್ಟಗೆ ಕೂತಳು.

ಹಿಂದಕ್ಕೆ ಗಾಳಿ ಬೀಸಿದರೆ ದೀಪದ ಕುಡಿ ಪಟದ ಕಡೆ ವಾಲಬೇಕು. ಅದು ಪೆಟ್ಟಿಗೆಯ ಕಡೆ ಬಾಗಿತ್ತು. ಭಕ್ತನ ಹಾಗೆ ಅಂತ ಕೆನ್ನೆ ಮುಟ್ಟಿಕೊಂಡು ಬಂದಿದ್ದಳಲ್ಲ, ತಾನೂ ಒಬ್ಬ ಪೋಲೀಸು!

\* \* \*

ಆರೂವರೆಗೆ ನಡುಮನೆಯಲ್ಲಿ ಎಲ್ಲರೂ ನಿಂತಿದ್ದರು. ಇಂದ್ರಾಣಿ ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟಳು. ಅಂಜಿ ಬಗ್ಗಿ ನೋಡಿ ಬೆಚ್ಚಿದ.

"ಇದು ನಾನು ಹಾಕಿದ್ದಲ್ಲ! ಹಿಂದಿಂದು ತಿರುಗಾಮುರುಗಾ ಆಗೈತೆ. ಎರಡೂ ಒಂದರ ಮುಖಕ್ಕೆ ಒಂದು ಊದ್ತಾವೆ. ಬಿಸಿ ಒಳಗೇ ನಿಂತ್ಕೊಂತದೆ. ಅದಕ್ಕೇ ಜೋರಾಗಿ ತಿರುಗಿ ತಿರುಗಿ ಅರಚಿರೋದು, ಕೊನೆಗೆ ನಿಂತಿರೋದು."

"ಸುಳ್ಳು! ನೀನೇ ಹಾಕಿದ್ದು!" ನರಸಿಂಹಪ್ಪ ಮುನ್ನುಗ್ಗಿದ.

"ತಡೀರಿ. ತಿರುಗಿಸಿ ಹಾಕಿದ್ರೆ ಗುರುವಾರವೇ ಅರಚ್ಬೇಕಿತ್ತು. ಆವತ್ತು ಬೆಕ್ಕಿನಂಗಿತ್ತು ಅಂದೋರು ನೀವೇ." ಇಂದ್ರಾಣಿ ಹಿಂದಿನ ಫ್ಯಾನಿಗೆ ಬೆರಳು ಸವರಿ ತೋರಿಸಿದಳು. ಕಪ್ಪು ಮಸಿ, ಎಣ್ಣೆಯ ಜಿಗುಟು. "ಇದು ದೀಪದ ಹೊಗೆ. ಈ ಫ್ಯಾನು ಗೋಡೆಗೂಡಿನ ಕಡೆಯಿಂದ ಗಾಳಿ ಎಳೀತಿದೆ. ಶುಕ್ರವಾರ ಯಾರೋ ತಿರುಗಿಸಿದ್ದಾರೆ."

ಫ್ಯಾನು ಹಿಡಿಯುವ ಸಣ್ಣ ತಂತಿ ಮುರಿದಿತ್ತು. ಅದರ ಬದಲು ಹತ್ತು ಸುತ್ತು ರೇಷ್ಮೆ ಎಳೆ. ಅವಳು ಅದರ ತುದಿಗೆ ಟಾರ್ಚು ಹಿಡಿದಳು.

"ಗಂಟಿಲ್ಲ ನೋಡಿ. ಬೂದಿ ಸವರಿ ಹೊಸೆದು ಸೇರಿಸಿದ್ದು. ಅಂಜಿಗೆ ಈ ವಿದ್ಯೆ ಬರಲ್ಲ. ಮುರಳೀದು ಮೌಸ್ ಹಿಡಿದ ಕೈ. ನಿಮ್ಮದು ಲಾಳಿ ಹಿಡಿದ ಕೈ ನರಸಿಂಹಪ್ಪ. ಮಗ್ಗದ ಮೇಲಿನ ಹಳೇ ಎಳೆಗಳ ತುದಿಗೆ ಹೊಸ ಎಳೆಗಳನ್ನ ಒಂದೊಂದಾಗಿ ಹೊಸೆದು ಕೆಚ್ಚೋರು ಈ ಮನೇಲಿ ಯಾರು? ನಾನೂ ಮಗ್ಗದ ಮನೇಲಿ ಹುಟ್ಟಿದೋಳು. ನಮ್ಮಮ್ಮನ ಬೆರಳು ಸಾಯೋಗಂಟ ಬೂದಿ ಬಣ್ಣ ಬಿಡ್ಲಿಲ್ಲ."

ಎಲ್ಲರ ಕಣ್ಣೂ ಆದಿಲಕ್ಷ್ಮಿಯ ಬೆರಳಿಗೆ ಹೋದವು. ಅವಳು ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ತೆಗೆದಳು.

"ಗುರುವಾರ ಸಂಜೆ ದೀಪ ಆರೋಯ್ತು," ಅಂದಳು. "ಆ ಪೆಟ್ಟಿಗೆ ಉಸಿರು ನೇರ ಕುಡಿಗೇ ಹೊಡೀತಿತ್ತು. ಯಾರೂ ನೋಡ್ಲಿಲ್ಲ ಅಂತ ಮತ್ತೆ ಹಚ್ಚಿಬುಟ್ಟೆ. ಬೆಳಿಗ್ಗೆ ತಿರುಗಿಸಿದೆ. ಎತ್ತ ತಿರುಗಿದ್ರೂ ಫ್ಯಾನು ಫ್ಯಾನೇ ಅಂದ್ಕೊಂಡೆ ಕಣಮ್ಮ."

"ಅರಚಿದಾಗ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು. ಫ್ಯಾನಿಂದು ಹೇಳಿದ್ರೆ ದೀಪ ಆರಿದ್ದೂ ಹೇಳ್ಬೇಕಲ್ಲ. ಕೇಳಿಸ್ಕೊಂಡು ಮಗಳು ಎದೆಗೆಟ್ರೆ?"

ಮಂಚದಿಂದ ದನಿ ಬಂತು. "ನಂಗೆ ಆವತ್ತೇ ಗೊತ್ತು ಕಣಮ್ಮ." ಬನಶ್ರೀ ಎದ್ದು ಕೂತಿದ್ದಳು. "ಎಚ್ಚರವಾಗೇ ಇದ್ದೆ. ನೀನು ಹೆದರ್ಕೊಂತೀಯ ಅಂತ ಸುಮ್ಕಿದ್ದೆ. ಮಗು ಆವತ್ತಿಂದ ಒದೀತಾನೇ ಐತೆ. ಅದಕ್ಕೇನೂ ಆಗಿಲ್ಲ. ಆಗಿದ್ದೆಲ್ಲ ಅಂಜಿಯಣ್ಣಂಗೆ."

ನರಸಿಂಹಪ್ಪ ಗೋಡೆಗೊರಗಿದ.

ಅಂಜಿ ಫ್ಯಾನು ಸರಿಮಾಡಿದ. ಪೆಟ್ಟಿಗೆಯ ಬೆನ್ನನ್ನು ಕಿಟಕಿಯ ಕಡೆ ತಿರುಗಿಸಿದ. ಗುಂಡಿ ಒತ್ತಿದರೆ ಸದ್ದೇ ಇಲ್ಲ. ದೀಪ ನೆಟ್ಟಗೆ ನಿಂತಿತು. ಇಂದ್ರಾಣಿ ಪೆನ್‌ಡ್ರೈವ್ ಕೊಟ್ಟಳು. ಪರದೆಯ ತುಂಬ ಲೇಪಾಕ್ಷಿಯ ಬಳ್ಳಿ ಹಬ್ಬಿತು. ಮುರಳಿ ಅಂಜಿಯ ಎರಡೂ ಕೈ ಹಿಡಿದುಕೊಂಡ.

ಅಂಜಿ ಮೆಲ್ಲಗೆ ಬಿಡಿಸಿಕೊಂಡ.

"ಮೇಡಂ, ಊರೆಲ್ಲ ನೋಡೋ ಹಾಗೆ ಕೈ ಹಿಡಿದು ಬಸ್ ಹತ್ತಿಸಿದ್ರಿ. ನಾಳೆ ನಾನೊಬ್ನೇ ಇಳಿದ್ರೆ, ಬಿಡಿಸ್ಕೊಂಡು ಬಂದ ಕಳ್ಳ ಅಂತಾರೆ. ಆಮೇಲೆ ನನ್ನ ಅಂಗಡಿಗೆ ಯಾರು ಬತ್ತಾರೆ?"

ಮತ್ತೆ ಮೂರೂವರೆ ಗಂಟೆ ಬಸ್ಸು. ಇಂದ್ರಾಣಿ ಹಣೆ ಒತ್ತಿಕೊಂಡಳು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಹಿಡಿದ ಕೈ ಅವಳದೇ.

ಆದಿಲಕ್ಷ್ಮಿ ಎಣ್ಣೆಯ ಗಿಂಡಿ ತಂದು ಗಂಡನ ಕೈಗಿಟ್ಟಳು.

"ಬೀಗರ ಊರು ಕಣೇ," ಅವನು ಗೊಣಗಿದ. "ಹರಕೆ ಬೇರೆ..."

"ಆ ಸ್ವಾಮಿಗೆ ನಾನು ಮಾಡಿದ್ದು ಗುರುವಾರದಿಂದಲೂ ಗೊತ್ತು. ಊರಿಗೆ ಗೊತ್ತಿಲ್ಲ. ದೀಪ ನೀವು ನೋಡ್ಕಳಿ. ನಾನು ಹೋಗಿ ಬತ್ತೀನಿ."

\* \* \*

ಮರುದಿನ ಹತ್ತು ಗಂಟೆಗೆ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮೂವರು ಇಳಿದರು. ಇಂದ್ರಾಣಿ ಹಿಂದೆ ಉಳಿದಳು. ಆದಿಲಕ್ಷ್ಮಿಯೇ ಅಂಜಿಯ ಮಣಿಕಟ್ಟು ಹಿಡಿದು ನಡುವೆ ನಡೆದಳು. ದಾಸಣ್ಣ ಲೋಟ ಇಳಿಸಿದ.

"ಏಮ್ಮಾ, ಯಾಡಿಕಿ?"

"ಇವನ ಅಂಗಡಿಗೆ ಕಣಪ್ಪ," ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಆದಿಲಕ್ಷ್ಮಿ ಅಂದಳು. "ತಪ್ಪು ಮಾಡಿದೋಳು ನಾನು. ಬಾಗಿಲು ಮುಚ್ಚಿದ್ದು ಇವನದು. ತೆಗೆಸೋಕೆ ಬಂದಿದೀನಿ."