ಎರಡು ಬಾಣದ ಚಾರ್ಟ್

"ಈ ಬಾಣ ತಪ್ಪು ಕಣೇ," ಅಂದವಳೇ ಶಿವಾನಿ ಕಪ್ಪು ಸ್ಕೆಚ್ ಪೆನ್ನಿನಿಂದ ಸುಮಾಳ ಚಾರ್ಟಿನ ಮೇಲೆ ಪರಪರ ಗೀಚಿಬಿಟ್ಟಳು.

ಸಮ್ಮರ್ ಕ್ಯಾಂಪಿನ ಮಕ್ಕಳೆಲ್ಲ ತಿರುಗಿ ನೋಡಿದರು. ಚಾರ್ಟಿನ ನಡುವೆ ಕೆಂಪಗೆ ಬಿಸಿಯಾದ ಗಾಳಿ. ಬಸ್ಸು, ಫ್ಯಾಕ್ಟರಿಗಳ ಹೊಗೆಯೆಲ್ಲ ಅದರೊಳಗೇ ಸೇರುತ್ತಿತ್ತು. ಅಲ್ಲಿಂದ ಹೊರಟ ಒಂದು ಬಾಣ ಬಿರುಕುಬಿಟ್ಟ ಕೆರೆಗೆ, ಇನ್ನೊಂದು ಪ್ರವಾಹದಲ್ಲಿ ಮುಳುಗಿದ ಬೀದಿಗೆ. ಆ ಎರಡನೇ ಬಾಣವೇ ಈಗ ಕಪ್ಪಾಗಿ ಹೋಗಿತ್ತು.

ಬಿಸಿಗೆ ನೀರು ಬತ್ತುತ್ತದೆಯೇ ಹೊರತು ಪ್ರವಾಹ ಬರುವುದುಂಟೇ ಅಂತ ಶಿವಾನಿಯ ವಾದ. ಕ್ವಿಜ್‌ನಲ್ಲಿ ಫಸ್ಟ್ ಬರುವವಳು ಹೇಳಿದ ಮೇಲೆ ಮುಗಿಯಿತಲ್ಲ! ಬಿಸಿ ಗಾಳಿ ಜಾಸ್ತಿ ನೀರು ಹೊತ್ತುಕೊಳ್ಳುತ್ತದಂತೆ ಎಂದು ಸುಮಾ ಮೆತ್ತಗೆ ಶುರುಮಾಡಿದಳು. ಯಾರೋ ಕಿಸಕ್ಕೆಂದರು. ಅಷ್ಟಕ್ಕೇ ಅವಳು ಚಾರ್ಟ್ ಸುತ್ತಿಕೊಂಡು ಮನೆಗೆ ಹೋಗಿಬಿಟ್ಟಳು. ನಾಳೆ ಎಕ್ಸಿಬಿಷನ್. ಅವಳ ಅಪ್ಪ ರಜೆ ಹಾಕಿ ನೋಡಲು ಬರುವವರಿದ್ದರು.

ಮಧ್ಯಾಹ್ನ ಶಿವಾನಿಗೆ ತಾರಸಿಯ ಮೇಲೆ ಸಂಡಿಗೆ ಕಾಯುವ ಕೆಲಸ. ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಸರಸ್ವತಿಪುರಂನ ನಲ್ಲಿಗಳು ತಿರುಗಿಸಿದರೆ ಬರೀ ಬುಸುಗುಡುತ್ತಿದ್ದವು. ಬಿಸಿಲು ಹೀಗಿದ್ದರೆ ಒಂದೇ ದಿನಕ್ಕೆ ಒಣಗುತ್ತದೆ ಅಂತ ಸರ್ವಮಂಗಳಜ್ಜಿ ಈ ಸಲ ಎರಡರಷ್ಟು ಅಕ್ಕಿ ಹಿಟ್ಟು ತೊಳಸಿ, ಒದ್ದೆ ಪಂಚೆಗಳ ತುಂಬ ಸಂಡಿಗೆ ಇಟ್ಟು, ಕೆಳಗೆ ಹೋಗಿ ಮಲಗಿದ್ದರು.

ಕಾಗೆ ಬೆದರಲಿ ಅಂತ ಬಿಡಿಸಿಟ್ಟ ಕರಿ ಕೊಡೆಯ ನೆರಳಲ್ಲಿ ಶಿವಾನಿ ಕಾಲು ಚಾಚಿದಳು. ಬೀದಿಯಲ್ಲಿ ಸದ್ದೇ ಇಲ್ಲ. ಪಂಚೆಯ ಅಂಚು ಕಣ್ಣೆದುರೇ ಒಣಗುತ್ತಿತ್ತು. ಸಂಕ್ರಾಂತಿ ಚಳಿಯಲ್ಲಿ ಇದೇ ಪಂಚೆ ಒಗೆದು ಹಾಕಿದರೆ ಸಂಜೆಯಾದರೂ ತಣ್ಣಗೇ ಇರುತ್ತಿತ್ತು. ತುಳಸಿ ಕುಂಡಕ್ಕೆ ಬೆಳಿಗ್ಗೆ ಹಾಕಿದ ನೀರೂ ಈಗ ಇಲ್ಲ. ಅದೆಲ್ಲ ಎಲ್ಲಿಗೆ ಹೋಯಿತು?

ಕಣ್ಣು ಭಾರವಾಯಿತು. ಅರೆನಿದ್ದೆಯಲ್ಲಿ ಅವಳಿಗೆ ಗಾಳಿ ಕಾಣಿಸಿತು. ಡೊಳ್ಳು ಹೊಟ್ಟೆಯ ಸೋಮಾರಿ ಗಾಳಿ. ಪಂಚೆಯನ್ನು ಹೀರಿತು, ಕುಂಡವನ್ನು ಹೀರಿತು, ಕುಕ್ಕರಹಳ್ಳಿ ಕೆರೆಯ ಮೇಲೆ ಬೋರಲು ಮಲಗಿ ಸೊರಸೊರ ಹೀರಿತು. ಬಿಸಿಯಾದಷ್ಟೂ ಅದರ ಹೊಟ್ಟೆ ಹಿಗ್ಗುತ್ತಲೇ ಇತ್ತು.

"ಸಾಕು ಬುಡು, ಇಷ್ಟೆಲ್ಲ ಎಲ್ಲಿಟ್ಕೋತೀಯ?" ಎಂದು ಶಿವಾನಿ ಕೇಳಿದಳು. ಗಾಳಿ ತೇಲುತ್ತ ಚಾಮುಂಡಿ ಬೆಟ್ಟದ ಕಡೆ ಹೋಯಿತು.

ಚಾಚಿದ ಕಾಲಿನ ಮೇಲೆ ಟಪ್ಪನೆ ಒಂದು ಹನಿ ಬಿತ್ತು.

ಎದ್ದು ನೋಡಿದರೆ ಬೆಟ್ಟವೇ ಇಲ್ಲ, ಬರೀ ಕಪ್ಪು ಮೋಡ. ಅಜ್ಜಿಯನ್ನು ಕೂಗುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಇಬ್ಬರೂ ಬಿದ್ದಂಬೀಳ ಪಂಚೆ ಎಳೆದರೂ ಅರ್ಧ ಸಂಡಿಗೆ ಮತ್ತೆ ಗಂಜಿಯಾಯಿತು. ಕೆಳಗೆ, ಒಣಗಿ ಕಲ್ಲಾಗಿದ್ದ ನೆಲ ನೀರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಬೀದಿ ಹೊಳೆಯಾಗಿ ಯಾರದೋ ಚಪ್ಪಲಿ ತೇಲಿಕೊಂಡು ಹೋಯಿತು.

"ಬರೋದೇ ಇಲ್ಲ, ಬಂದ್ರೆ ಹಿಂಗೆ ಬಂದ್ಬುಡುತ್ತೆ. ಈಗೀಗ ಮಳೆ ಎಲ್ಲಾ ಹಿಂಗೇ ಕಣಮ್ಮ," ಎಂದು ಅಜ್ಜಿ ಗೊಣಗಿದರು.

ಶಿವಾನಿ ಒದ್ದೆ ಪಂಚೆ ಹಿಡಿದು ನಿಂತೇ ಇದ್ದಳು. ಬಿಸಿ ಗಾಳಿ ಹೀರಿಕೊಂಡಿದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟಿತ್ತು. ಸುಮಾ ಹೇಳಲು ಹೊರಟಿದ್ದು ಇದನ್ನೇ ಅಲ್ಲವೇ? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಮಳೆ ನಿಂತದ್ದೇ ತಡ, ಪಾದ ಮುಳುಗುವ ನೀರಿನಲ್ಲಿ ಹಿಂದಿನ ಕ್ರಾಸಿನ ಸುಮಾಳ ಮನೆಗೆ ಓಡಿದಳು. ಸುಮಾ ನೆಲದ ಮೇಲೆ ಹೊಸ ಚಾರ್ಟ್ ಹರಡಿಕೊಂಡು ಕೂತಿದ್ದಳು. ಅದರಲ್ಲಿ ಒಂದೇ ಬಾಣವಿತ್ತು.

"ನೀನು ಹೇಳಿದ ಹಾಗೇ ಮಾಡಿದೀನಿ," ಎಂದಳು ತಲೆ ಎತ್ತದೆ. ಕಣ್ಣು ಇನ್ನೂ ಊದಿಕೊಂಡಿತ್ತು.

ಶಿವಾನಿ ತಲೆ ಅಲ್ಲಾಡಿಸಿದಳು. "ಬೇಡ ಕಣೇ. ನೀನು ಹೇಳಿದ್ದೇ ಸರಿ. ನಾನೇ ಪೂರ್ತಿ ಕೇಳಿಸ್ಕೊಳ್ಳಲಿಲ್ಲ."

ಸುಮಾ ತಲೆ ಎತ್ತಿದಳು. "ನಾಳೆ ಎಲ್ಲರ ಎದುರಿಗೂ ಹೀಗೇ ಹೇಳ್ತೀಯಾ?"

"ಹೇಳ್ತೀನಿ."

ಸುಮಾ ನೀಲಿ ಸ್ಕೆಚ್ ಪೆನ್ ತೆಗೆದಳು. ಕಿಟಕಿಯಿಂದ ಬಂದ ತಂಪು ಗಾಳಿಗೆ ಚಾರ್ಟ್ ಪಟಪಟ ಏಳುತ್ತಿತ್ತು. ಶಿವಾನಿ ಮಂಡಿಯೂರಿ ಕೂತು ಅದರ ಮೂಲೆಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.

"ಈಗ ಮೊದಲಿಂದ ಹೇಳು," ಎಂದಳು.

ಸುಮಾ ಎರಡನೇ ಬಾಣ ಬರೆಯುತ್ತ ಹೇಳತೊಡಗಿದಳು. ಶಿವಾನಿ ನಡುವೆ ಬಾಯಿ ಹಾಕಲಿಲ್ಲ.