ಎರಡು ಬೆರಳ ಸಡಿಲು

ಹುರಿಯ ಒಂದು ತುದಿ ನಸೀರಾಳ ಕೈಯಲ್ಲಿತ್ತು. ಇನ್ನೊಂದು ತುದಿ, ಹೆಸರೂ ಗೊತ್ತಿಲ್ಲದ ಒಬ್ಬ ಹುಡುಗನ ಕೈಯಲ್ಲಿ.

"ಜಗ್ಗಿ ಹಿಡೀರಿ," ಅಂದ ಅವನು. "ಅಳತಿ ತಪ್ಪಬಾರದು."

ಜಗ್ಗಿ ಹಿಡಿದಳು. ತಲೆಯ ಮೇಲಿನ ಸೆರಗು ಜಾರಿತು. ಸರಿ ಮಾಡಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅದನ್ನು ಕಂಡ ಹುಡುಗ ಥಟ್ಟನೆ ನೆಲ ನೋಡಿದ. ಹಾಗೆ ನೆಲ ನೋಡುವ ಗಂಡಸರನ್ನು ನಸೀರಾ ಹಳಿಯಾಳದ ಪೇಟೆಯಲ್ಲಿ ಬಹಳ ಮಂದಿ ಕಂಡಿರಲಿಲ್ಲ.

'ಯಾರಪ್ಪಾ ಇವ...' ಅಂದುಕೊಂಡಳು.

ಆಗಿನ್ನೂ ಬ್ರಿಟಿಷರ ಕಾಲ. ಎರಡನೆಯ ದೊಡ್ಡ ಯುದ್ಧ ಶುರುವಾಗಲು ಒಂದೆರಡು ವರ್ಷ ಇತ್ತು. ನಸೀರಾಳ ತಂದೆ ಕಾಸಿಂಸಾಬ ಪೇಟೆಯ ಕೊನೆಯಲ್ಲಿ ಕುಲುಮೆ ಇಟ್ಟುಕೊಂಡು ಎತ್ತಿನ ಚಕ್ಕಡಿ ಗಾಲಿಗಳಿಗೆ ಕಬ್ಬಿಣದ ಹಳಿ ಏರಿಸುತ್ತಿದ್ದ. ಕಾಸಿಂಸಾಬ ಏರಿಸಿದ ಹಳಿ ಗಾಲಿ ಮುರಿದರೂ ಕಳಚುವುದಿಲ್ಲ ಅಂತ ಸಾಂಬ್ರಾಣಿಯಿಂದ ಮುಂಡಗೋಡದವರೆಗೆ ಮಾತಿತ್ತು. ತಾಯಿಯಿಲ್ಲದ ನಸೀರಾ ತಿದಿ ಒತ್ತುತ್ತಲೇ ಬೆಳೆದವಳು.

ಹುಡುಗನ ಹೆಸರು ಮನ್ಸೂರ. ಸಾಂಬ್ರಾಣಿಯವನು. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ. ವಿಧವೆ ತಾಯಿ ರಹೀಮುನ್ನಿಸಾ ಹಳೆ ಬಟ್ಟೆಯ ಕೌದಿ ಹೊಲಿದು ಓದಿಸುತ್ತಿದ್ದಳು. ಈಚೆಗೆ ಹಳಿಯಾಳದಲ್ಲೇ ಮನೆ ಮಾಡಿದ್ದರು.

"ಕಾಲೇಜಿನ್ಯಾಗ ಬಾಸ್ಕೆಟ್‌ಬಾಲ್ ಅಂತ ಬುಟ್ಟಿಚೆಂಡಿನ ಆಟ ಐತಿ ಚಾಚಾ," ಅಂದ ಕಾಸಿಂಸಾಬನಿಗೆ. "ಎತ್ತರದಾಗ ಒಂದು ಕಬ್ಬಿಣದ ಬಳಿ ಬಡದಿರ್ತಾರ. ಅದರೊಳಗ ಚೆಂಡು ಹಾಕಬೇಕು. ಸೂಟಿಯೊಳಗ ರೂಢಿ ತಪ್ಪತೈತಿ. ಅದಕ್ಕ ಅಲ್ಲಿ ಬಳಿಯ ಸುತ್ತಳತಿ ಈ ಹುರಿಯೊಳಗ ತಂದೇನಿ. ಅಂಥದ್ದ ಒಂದು ಮಾಡಿ ಕೊಡ್ರಿ."

"ಬುಟ್ಟಿಗೆ ಚೆಂಡು ಹಾಕಾಕ ಕಾಲೇಜಿಗೆ ಹೋಗ್ಬೇಕೇನಪಾ? ಕಾಯಿಪಲ್ಲೆ ಮಾರೂ ನಮ್ಮ ತಾಯವ್ವ ಮೂಲಂಗಿ ದೂರದಿಂದ ಒಗದು ಬುಟ್ಟಿ ತುಂಬತಾಳ."

ಮನ್ಸೂರ ನಕ್ಕ. ಹುರಿ ಕೊಟ್ಟು, ಬಳೆ ಬಡಿಯಲು ಕಂಬ ನೋಡುತ್ತೇನೆ ಅಂತ ಹೋದ. ನಸೀರಾಳ ಕಣ್ಣು ಅವನ ಬೆನ್ನ ಹಿಂದೆಯೇ ಬೀದಿಯ ತಿರುವಿನ ತನಕ ಹೋಗಿ ಬಂತು.

ಕಾಸಿಂಸಾಬ ಕಬ್ಬಿಣದ ಪಟ್ಟಿಯ ಮೇಲೆ ಹುರಿ ಇಟ್ಟು ಗೆರೆ ಹಾಕಿದ. ಆಮೇಲೆ ತಲೆ ಕೆರೆದುಕೊಂಡ.

ನೋಡಿ, ಗಾಲಿಯವರ ರೂಢಿಯೇ ಬೇರೆ. ಕಟ್ಟಿಗೆಯ ಮೇಲೆ ಏರುವ ಹಳಿಯಾದರೆ ಬಿಗಿ ಮಾಡುತ್ತಾರೆ. ಒಳಗೆ ಅಚ್ಚು ತಿರುಗುವ ಬಳೆಯಾದರೆ ಕೀಲೆಣ್ಣೆಗೆ ಜಾಗ ಬೇಕಂತ ಸಡಿಲು ಬಿಡುತ್ತಾರೆ. ಒಳಗೊಂದು ಹಾದುಹೋಗುವುದಿದ್ದರೆ ಕೊಟ್ಟ ಅಳತೆಗಿಂತ ಹಿಗ್ಗಿಸಲೇಬೇಕು. ಕೇಳಿ ಮಾಡುವ ಮಾತಲ್ಲ ಅದು, ಕೈಗೆ ಹತ್ತಿದ ರೂಢಿ.

"ಚೆಂಡು ಹಾದು ಹೋಗೂದಂದ್ರ ಇದಕ್ಕೂ ಸಡ್ಲ ಬೇಕಲ್ಲ," ಅಂದ ಕಾಸಿಂಸಾಬ. "ಇಷ್ಟು ಸಾಕೇನವಾ?"

ನಸೀರಾಳಿಗೆ ಆ ನೆಲ ನೋಡುವ ಕಣ್ಣು ನೆನಪಾಯಿತು. ಊರ ಮಂದಿಯ ಎದುರು ಚೆಂಡು ಹೊರಗೆ ಬಿದ್ದರೆ ಆ ಕಣ್ಣು ಹೇಗಾದೀತು...

"ಇನ್ನೊಂದೀಟು ಬಿಡ್ರಿ ಅಬ್ಬಾ," ಅಂದಳು.

ಕಾಸಿಂಸಾಬ ಇನ್ನೊಂದೀಟು ಬಿಟ್ಟ.

ಬಳೆ ಕುಲುಮೆಯೆದುರಿನ ಮೈದಾನದ ಕಂಬ ಏರಿತು. ಮನ್ಸೂರ ಎಸೆದ ಮೊದಲ ಚೆಂಡು ಅಂಚಿಗೂ ತಾಕದೆ ಒಳಗೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದನ್ನು ಎಸೆಯುವ ಮುಂಚೆ ಅವನು ಬಳೆಯನ್ನೇ ನೋಡುತ್ತ ಕ್ಷಣ ನಿಂತಿದ್ದನ್ನು ನಸೀರಾ ಕಂಡಳು. ಗುರಿ ನೋಡುತ್ತಾನೆ ಅಂದುಕೊಂಡಳು.

ಅಷ್ಟರಲ್ಲಿ ಬಟ್ಟೆ ಅಂಗಡಿಯ ಅಂದಾನೆಪ್ಪ ಚಪ್ಪಾಳೆ ಹೊಡೆದ. "ಭಲೇ ಹುಡುಗಾ! ಇನ್ನೊಮ್ಮೆ."

ಅಲ್ಲಿಂದ ಪ್ರತಿ ಸೂಟಿಗೂ ಅದೇ ಕೆಲಸ. ಸಂಜೆಯಾದರೆ ಪೇಟೆ ಮೈದಾನಕ್ಕೆ ಬರುತ್ತಿತ್ತು. ಅಂದಾನೆಪ್ಪ ತನ್ನ ಹೆಗಲ ವಸ್ತ್ರದಿಂದ ಮನ್ಸೂರನ ಕಣ್ಣು ಕಟ್ಟಿಸಿದ. ಆಗಲೂ ಚೆಂಡು ಹೋಯಿತು. ಬೆನ್ನು ತಿರುಗಿಸಿ ಎಸೆ ಅಂದರು; ಅದೂ ಹೋಯಿತು. "ನಮ್ಮ ಹುಡುಗಗ ಸರಿಗಟ್ಟುವವ ಇಡೀ ಮುಂಬೈ ಇಲಾಖೆದಾಗ ಇಲ್ಲ," ಅಂತ ಅಂದಾನೆಪ್ಪ ಗಿರಾಕಿಗಳಿಗೆ ಬಟ್ಟೆ ಹರಿಯುತ್ತಲೇ ಹೇಳುತ್ತಿದ್ದ.

ನಸೀರಾ ಕುಲುಮೆಯ ಗೋಣಿತಟ್ಟಿನ ಪರದೆ ಸರಿಸಿ ನೋಡುತ್ತಿದ್ದಳು. ಒಂದು ದಿನ ಪರದೆಯ ಆಚೆ ನಿಂತು ಮನ್ಸೂರ ಮೆಲ್ಲಗೆ ಕೇಳಿದ: "ಚೆಂಡು ನೋಡ್ತೀಯೋ, ನನ್ನ ನೋಡ್ತೀಯೋ?"

"ಚೆಂಡು," ಅಂದಳು ನಸೀರಾ. "ನೀವು ನಡುವ ಅಡ್ಡ ಬರ್ತೀರಿ."

ಆ ವರ್ಷವೇ ರಹೀಮುನ್ನಿಸಾ ಬಂದು ಮಾತಾಡಿದಳು. ಈದ್ ಆದ ಮೇಲೆ ನಿಕಾಹ್ ಅಂತ ಆಯಿತು.

ಆದರೆ ಅದಕ್ಕೆ ಮುಂಚೆ ಧಾರವಾಡದಲ್ಲಿ ಕಾಲೇಜುಗಳ ಕಡೆಯ ಪಂದ್ಯ ಬಂತು. ಎದುರಾಳಿಗಳು ಬೆಳಗಾವಿಯವರು. ಹಳಿಯಾಳದಿಂದ ಚಕ್ಕಡಿಗಳು ಸಾಲುಗಟ್ಟಿ ಹೊರಟವು. ಹೋಗುವಾಗ ಹಾಡು ಇತ್ತು. ಮರುದಿನ ಬರುವಾಗ ಎತ್ತಿನ ಗಂಟೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ನಸೀರಾ ಓಡಿ ಬಂದು ಬಾಗಿಲಲ್ಲಿ ನಿಂತಳು. "ಏನಾತ್ರಿ ಕಾಕಾ?"

ಅಂದಾನೆಪ್ಪ ಚಕ್ಕಡಿಯಿಂದ ಇಳಿಯಲಿಲ್ಲ. "ಮಾರಿಕೊಂಡ ನಿನ್ನ ಹುಡುಗ," ಅಂದ. "ಬೆಳಗಾವಿಯವರಿಗೆ ಮಾರಿಕೊಂಡ."

ಆದದ್ದು ಇಷ್ಟು. ಕೊನೆಯ ಗಳಿಗೆಯಲ್ಲಿ ಧಾರವಾಡದವರು ಒಂದೇ ಅಂಕ ಹಿಂದಿದ್ದರು. ಎದುರಾಳಿ ಮೈಮೇಲೆ ಬಿದ್ದದ್ದಕ್ಕೆ ಮನ್ಸೂರನಿಗೆ ಯಾರೂ ತಡೆಯದಂತೆ ಎರಡು ಸಲ ಎಸೆಯುವ ಅವಕಾಶ ಸಿಕ್ಕಿತು. ಹಳಿಯಾಳದವರು ಗೆದ್ದೆವು ಅಂತ ರುಮಾಲು ಹಾರಿಸಿಬಿಟ್ಟಿದ್ದರು. ಚೆಂಡು ಬಳೆಯ ಅಂಚಿಗೆ ಬಡಿದು ಹೊರಗೆ ಬಿತ್ತು. ಇನ್ನೊಂದೂ ಅಂಚಿಗೇ ಬಡಿಯಿತು, ಹೊರಗೇ ಬಿತ್ತು.

ಧಾರವಾಡದ ಮಂದಿ 'ಪಾಪ, ಹುಡುಗರು ಸೋತರು' ಅಂತ ಮನೆಗೆ ಹೋದರು. ಉಳಿದ ಆಟಗಾರರ ಊರುಗಳಲ್ಲಿ ನಾಲ್ಕು ದಿನ ಬೈದು ಮರೆತರು. ಹಳಿಯಾಳ ಮಾತ್ರ ಮರೆಯಲಿಲ್ಲ. ಕಣ್ಣು ಕಟ್ಟಿದರೂ ತಪ್ಪದವನು, ಕಣ್ಣು ಬಿಟ್ಟುಕೊಂಡು ಹೇಗೆ ತಪ್ಪುತ್ತಾನೆ? ಬೇಕಂತಲೇ ಬಿಟ್ಟಿದ್ದಾನೆ. ಅದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು?

ಪೇಟೆಯ ಹುಡುಗರು ಕಂಬ ಕಿತ್ತು, ಬಳೆಯನ್ನು ಕಾಸಿಂಸಾಬನ ಗುಜರಿ ರಾಶಿಗೆ ಎಸೆದು ಹೋದರು.

ಮನ್ಸೂರ ಬಂದಾಗ ನಸೀರಾ ಕುಲುಮೆಯಲ್ಲಿ ಒಬ್ಬಳೇ ಇದ್ದಳು. ಅವನ ಅಂಗಿಯ ಮೇಲೆ ಯಾರೋ ಎರಚಿದ ಸೆಗಣಿ ಒಣಗಿತ್ತು.

"ಬೇಕಂತ ಬಿಟ್ರೇನು?" ಕೇಳಿದಳು. 'ಇಲ್ಲ ಅನ್ನಲಿ. ಇಲ್ಲ ಅಂದರೆ ಸಾಕು, ಇಡೀ ಊರಿನ ಎದುರು ನಿಲ್ಲುತ್ತೇನೆ...'

ಮನ್ಸೂರ ಗುಜರಿ ರಾಶಿಯ ಕಡೆ ನೋಡಿದ. ಆಮೇಲೆ ಹಿತ್ತಲಲ್ಲಿ ಹಳಿ ಬಡಿಯುತ್ತಿದ್ದ ಕಾಸಿಂಸಾಬನ ಕಡೆ ನೋಡಿದ.

"ಹಂಗಂತ ತಿಳ್ಕೋ," ಅಂದ.

"ಹಂಗಾರ ನನ್ನ ಮುಂದ ಇನ್ನೊಮ್ಮೆ ಬರಬ್ಯಾಡ್ರಿ."

ಹೋದ. ಈದ್ ಬಂತು, ಹೋಯಿತು.

ಆ ಮಳೆಗಾಲದಲ್ಲಿ ರಹೀಮುನ್ನಿಸಾ ತೀರಿಕೊಂಡಳು. ಮಗನ ಹೆಸರು ಕೆಟ್ಟ ಮೇಲೆ ಅವಳ ಕೌದಿಯನ್ನು ಯಾರೂ ಕೇಳುತ್ತಿರಲಿಲ್ಲ; ಆ ಕೊರಗೇ ಅವಳನ್ನು ತಿಂದಿತ್ತು. ಜನಾಜಾಕ್ಕೆ ಪೇಟೆಯ ಮುಸಲ್ಮಾನರೆಲ್ಲ ಬಂದರು. ಹೆಗಲು ಕೊಟ್ಟರು. ಮಾತು ಕೊಡಲಿಲ್ಲ. ಮಣ್ಣು ಹಾಕಿ ಒಬ್ಬೊಬ್ಬರೇ ತಿರುಗಿ ಹೋದರು. ಮನ್ಸೂರ ಮಳೆಯಲ್ಲಿ ನಿಂತೇ ಇದ್ದ ಅಂತ ನಸೀರಾಳಿಗೆ ಆಮೇಲೆ ಗೊತ್ತಾಯಿತು. ಕಾಲೇಜು ಬಿಟ್ಟನಂತೆ, ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಹೊರುತ್ತಾನಂತೆ ಅಂತಲೂ ಗೊತ್ತಾಯಿತು.

'ಮೋಸಗಾರನಿಗೆ ಹಾಗೇ ಆಗಬೇಕು,' ಅಂದುಕೊಂಡಳು. ಅಂದುಕೊಂಡು ಅಳುತ್ತಿದ್ದಳು.

ಚಳಿಗಾಲದಲ್ಲಿ ಊರ ಶಾಲೆಗೆ ಅಡಿವೆಯ್ಯ ಅಂತ ಹೊಸ ಡ್ರಿಲ್ ಮಾಸ್ತರರು ಬಂದರು. ಒಂದು ಮುಂಜಾನೆ ಬೆಳಗಾವಿಯಿಂದ ತರಿಸಿದ ಹೊಸ ಬಳೆ ಹಿಡಿದುಕೊಂಡು ಕುಲುಮೆಗೆ ಬಂದರು. "ಸಾಬರ, ಇದನ್ನ ಹಲಗಿಗೆ ಬಡದು ಕೊಡ್ರಿ. ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಸ್ತೇನಿ."

ಕಾಸಿಂಸಾಬ ಬಳೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. "ಇದು ಸಣ್ಣ ಹುಡುಗರದೇನ್ರಿ ಮಾಸ್ತರ?"

"ಯಾಕ್ರಿ? ಎಲ್ಲಾ ಕಡೆ ಇದ ಅಳತಿ. ಧಾರವಾಡದಾಗೂ ಇದ, ಬೆಳಗಾವಿಯಾಗೂ ಇದ."

ಕಾಸಿಂಸಾಬ ಗುಜರಿ ರಾಶಿಯಿಂದ ತುಕ್ಕು ಹಿಡಿದ ಹಳೇ ಬಳೆ ಎಳೆದು ನೆಲದ ಮೇಲೆ ಇಟ್ಟ. ಅದರ ನಡುವೆ ಹೊಸದನ್ನು ಇಟ್ಟ. ಹೊಸದು ಒಳಗೆ ಕೂತಿತು. ಸುತ್ತಲೂ ಎರಡು ಬೆರಳು ಆಡುವಷ್ಟು ಜಾಗ ಉಳಿಯಿತು.

ತಿದಿ ಒತ್ತುತ್ತಿದ್ದ ನಸೀರಾಳ ಕೈ ನಿಂತುಹೋಯಿತು.

ಇನ್ನೊಂದೀಟು ಬಿಡ್ರಿ ಅಬ್ಬಾ...

ಮನ್ಸೂರ ಯಾರಿಗೂ ಮೋಸ ಮಾಡಿರಲಿಲ್ಲ. ಎಲ್ಲ ಹುಡುಗರ ಹಾಗೆ ಒಬ್ಬ ಹುಡುಗ, ಒಮ್ಮೆ ಹಾಕುತ್ತಾನೆ, ಒಮ್ಮೆ ತಪ್ಪುತ್ತಾನೆ. ಊರು ಕಂಡ ಹುಲಿ ಈ ಎರಡು ಬೆರಳ ಜಾಗದಲ್ಲಿ ಹುಟ್ಟಿದ್ದು. ಬಳೆಯ ಅಳತೆ ತಪ್ಪು ಅಂತ ಒಂದು ಮಾತು ಹೇಳಿದ್ದರೆ ಅವನು ಉಳಿಯುತ್ತಿದ್ದ. ಹೇಳಿದ್ದರೆ, ಅಳತೆ ತಪ್ಪುವ ಗಾಲಿಯವನ ಹತ್ತಿರ ಯಾರು ಬರುತ್ತಿದ್ದರು?

"ನನ್ನ ಕೈಯಿಂದ ಆತು," ಅಂದ ಕಾಸಿಂಸಾಬ.

"ನನ್ನ ಬಾಯಿಂದ ಆತು ಅಬ್ಬಾ."

ಆ ಸಂಜೆಯೇ ಕಾಸಿಂಸಾಬ ಎರಡೂ ಬಳೆಗಳನ್ನು ಒಂದರೊಳಗೊಂದು ಕಟ್ಟಿ ಅಂಗಡಿಯ ಮುಂದೆ ತೂಗುಹಾಕಿದ. ನಸೀರಾ ತಡೆಯಲಿಲ್ಲ. ಸಂತೆಗೆ ಬಂದವರೆಲ್ಲ ನಿಂತು ನೋಡಿದರು. ಅಂದಾನೆಪ್ಪ ಎರಡರ ನಡುವೆ ಬೆರಳಿಟ್ಟು ನೋಡಿದ.

"ಹಂಗಾರ ನನ್ನ ಚಕ್ಕಡಿ ಗಾಲಿನೂ ಹಿಂಗ ಐತೇನು ಸಾಬಾ?" ಅಂದ ಕಡೆಗೆ. "ಇನ್ನ ಆ ಹುಡುಗ... ಅವಗರ ಬಾಯಿ ಇರಲಿಲ್ಲೇನು? ನಮ್ಮನ್ನ ಧಾರವಾಡದ ತನಕ ಹುಚ್ಚರಂಗ ಕುಣಿಸಿದ."

ಊರು ಅಷ್ಟೇ. ತನಗೆ ಬೇಕಾದ ಹುಲಿ ಸಿಗಲಿಲ್ಲ ಅನ್ನುವ ಸಿಟ್ಟು, ಸತ್ಯ ಗೊತ್ತಾದರೂ ಇಳಿಯಲಿಲ್ಲ. ವಾರದೊಳಗೆ ಚಕ್ಕಡಿಗಳು ಬೇರೆ ಕುಲುಮೆಯ ಹಾದಿ ಹಿಡಿದವು.

ಸಂತೆಗೆ ಬಂದ ಸಾಂಬ್ರಾಣಿ ಕಾಡಿನ ಸಿದ್ದಿ ಜನದ ಜುಜೆ ನಸೀರಾಳನ್ನು ಹುಡುಕಿಕೊಂಡು ಬಂದ. ಅವನೂ ದಾಂಡೇಲಿ ಡಿಪೋದಲ್ಲೇ ಕೆಲಸ ಮಾಡುವವನು.

"ತಂಗೀ, ನಿಮ್ಮ ಮನ್ಸೂರ ಚಳಿಜ್ವರದಾಗ ಬಿದ್ದಾನ. ನಾ ಗಂಜಿ ಕಾಸಿ ಕೊಟ್ರ, ಉಪ್ಪಿಲ್ಲ ಅಂತಾನ. ಉಪ್ಪು ಹಾಕಿದ್ರ, ಬಾಯಿ ಕಹಿ ಅಂತಾನ. ನನ್ನ ಹೆಂಡ್ತಿ ಕೂಡ ನನಗ ಇಷ್ಟು ಹೆಸರಿಟ್ಟಿಲ್ಲ." ನಗಿಸಲು ನೋಡಿದ. ಅವಳ ಮುಖ ಕಂಡು ತಾನೇ ತಣ್ಣಗಾದ. "ಕ್ವಿನೈನ್ ಕೊಟ್ಟಾರ. ಆದ್ರ ಬದುಕಬೇಕನ್ನೂದ ಇಲ್ಲ ಅವಗ. ಲಗೂ ಬಾ."

ಮರುದಿನ ಮಧ್ಯಾಹ್ನ ತಂದೆ ಮಗಳು ದಾಂಡೇಲಿಯ ಡಿಪೋ ಮುಟ್ಟಿದರು. ಸಾಲು ಸಾಲು ಸಾಗುವಾನಿ ದಿಮ್ಮಿ. ಕಾಳಿ ನದಿಯ ಕಡೆಯಿಂದ ಬೀಸುವ ತಂಪು ಗಾಳಿ. ಕೂಲಿಗಳ ಗುಡಿಸಲ ಸಾಲಿನ ಕೊನೆಯಲ್ಲಿ ಜುಜೆ ಒಂದು ಬಾಗಿಲು ತೋರಿಸಿದ. ಕಾಸಿಂಸಾಬ ಹೊರಗೇ ಒಂದು ದಿಮ್ಮಿಯ ಮೇಲೆ ಕುಳಿತುಬಿಟ್ಟ.

ಒಳಗೆ ಚಾಪೆಯ ಮೇಲೆ ಮುದುರಿ ಬಿದ್ದವನನ್ನು ನಸೀರಾ ಮೊದಲು ಗುರುತಿಸಲಿಲ್ಲ. ಗಡ್ಡ ಬೆಳೆದಿತ್ತು. ಎಡಗೈಯ ಎರಡು ಬೆರಳು ದಿಮ್ಮಿಯ ಕೆಳಗೆ ಸಿಕ್ಕು ಸೊಟ್ಟಗಾಗಿದ್ದವು.

"ಯಾಕ ಬಂದಿ?" ಅಂದ ಮನ್ಸೂರ.

"ಬಳಿ ದೊಡ್ಡದಿತ್ತು," ಅಂದಳು ನಸೀರಾ. "ಅಬ್ಬಾ ಸಡ್ಲ ಬಿಟ್ಟಿದ್ರು. ಇನ್ನೊಂದೀಟು ಬಿಡ್ರಿ ಅಂದಾಕಿ ನಾನು. ಊರಿಗೆಲ್ಲಾ ಹೇಳೇವಿ."

ಮನ್ಸೂರ ಎದ್ದು ಕೂರಲು ನೋಡಿದ. ಆಗಲಿಲ್ಲ. "ಹೇಳಬಾರದಿತ್ತು. ಚಾಚಾನ ಕುಲುಮಿ..."

"ಆರಿಹೋಗೇತಿ."

ಅವನು ಕಣ್ಣು ಮುಚ್ಚಿಕೊಂಡ.

"ನನಗ ಮೊದಲನೇ ದಿನಾನ ಗೊತ್ತಿತ್ತು ನಸೀರಾ. ಎರಡು ಚೆಂಡು ಹಾಕೂದ್ರಾಗ ಗೊತ್ತಾತು. ನಾಳೆ ಹೇಳೂಣು ಅಂದುಕೊಂಡೆ. ಆದ್ರ ಆ ಚಪ್ಪಾಳಿ... ಧಾರವಾಡದಾಗ ನನ್ನ ಹೆಸರು ಹಿಡದು ಒಬ್ಬರೂ ಕರೀತಿರಲಿಲ್ಲ. ಇಲ್ಲಿ ಇಡೀ ಪೇಟಿ ಕರೀತಿತ್ತು. ಪರದಿ ಹಿಂದ ನೀನೂ ಇದ್ದಿ. ನಾಳೆ ಅನ್ಕೊಂತ ಸೂಟಿ ಮುಗೀತು. ಸೋತ ಮ್ಯಾಲ ಹೇಳಿದ್ರ ಚಾಚಾನ ಹೆಸರು ಹೋಗ್ತಿತ್ತು. ಹಂಗಂತ ಸುಮ್ನಾದೆ. ಆದ್ರ ಮೊದಲು ಸುಮ್ನಾಗಿದ್ದು ನನ್ನ ಆಸೆಗೆ. ನಮ್ಮವ್ವ ಅದಕ್ಕ ಸತ್ಲು."

ನಸೀರಾಳಿಗೆ ಸಿಟ್ಟು ಬಂತು, ಹೌದು. ಒಂದು ಮಾತು, ಒಂದೇ ಒಂದು ಮಾತು ಆಗಲೇ ಹೇಳಿದ್ದರೆ... ಆದರೆ ಯಾರ ಮೇಲೆ ಸಿಟ್ಟಾಗುವುದು? ಆ ಚಪ್ಪಾಳೆಯಲ್ಲಿ ತನ್ನದೂ ಒಂದು ಜೋಡಿ ಕೈ ಇತ್ತು.

"ಆ ಪಾಪ ಒಬ್ಬರೇ ಹೊರಬ್ಯಾಡ್ರಿ," ಅಂದಳು. "ಅರ್ಧ ನಂದೈತಿ."

"ಊರು ಏನಂತು?"

"ನಿಮಗ ಬೈಯೂದು ಬಿಟ್ಟಿಲ್ಲ. ಈಗ ನಮಗೂ ಬೈತೈತಿ."

ಮನ್ಸೂರ ನಕ್ಕನೋ ನರಳಿದನೋ ತಿಳಿಯಲಿಲ್ಲ. "ಚಾಚಾ ಎಲ್ಲೆ?"

"ಹೊರಗ ಕುಂತಾರ. ನಿಮಗ ಮಾರಿ ತೋರಸಾಕ ಆಗೂದಿಲ್ಲ ಅಂತಾರ."

ಅವನು ಗೋಡೆ ಹಿಡಿದು ಎದ್ದ. ನಸೀರಾ ಹೆಗಲು ಕೊಟ್ಟಳು. ಬಾಗಿಲ ತನಕ ಹೋಗುವಷ್ಟರಲ್ಲಿ ಅವನ ಮೈಯ ಬಿಸಿ ಅವಳ ಮೈಗೂ ಇಳಿದಿತ್ತು.

ಕಾಸಿಂಸಾಬ ತಲೆ ಎತ್ತಲಿಲ್ಲ. ಮನ್ಸೂರ ಅವನ ಪಕ್ಕ ದಿಮ್ಮಿಯ ಮೇಲೆ ಕುಸಿದು ಕುಳಿತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಚಾಚಾ," ಅಂದ ಮನ್ಸೂರ. "ಡಿಪೋದಾಗ ಸರಪಳಿ ಕೊಂಡಿ ಮಾಡಾಕ ಒಬ್ಬರು ಬೇಕಂತ. ಇಲ್ಲೇ ಇರ್ರಿ."

"ನನ್ನ ಕೈ ನಂಬ್ತೀಯೇನಪಾ?"

"ನಂಬ್ತೇನಿ. ನನ್ನ ಕೈ ನೀವು ನಂಬ್ರಿ."

ಮುದುಕ ಅವನ ಸೊಟ್ಟ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ.

ನಸೀರಾ ಒಲೆ ಹೊತ್ತಿಸಿ ಗಂಜಿ ಇಟ್ಟಳು. ಮನ್ಸೂರನನ್ನು ಮತ್ತೆ ಒಳಗೆ ತಂದು ಮಲಗಿಸುವಾಗ ಅವನು ಅವಳ ಸೆರಗಿನ ತುದಿ ಹಿಡಿದ.

"ನಸೀರಾ... ಈ ಜ್ವರ ಒಮ್ಮೆ ಬಂದ್ರ ಬಿಡೂದಿಲ್ಲ. ಇಲ್ಲಿ ಎಲ್ಲಾರಿಗೂ ಬರ್ತೈತಿ. ನಿನಗೂ ಬರ್ತೈತಿ."

"ಬರ್ಲಿ. ಜುಜೆಣ್ಣ ನಿಕಾಹ್ ಓದಸಾಕ ಮುಲ್ಲಾನ್ನ ಕರಿಯಾಕ ಹೋಗ್ಯಾನ. ನೀವು ಆಗೂದಿಲ್ಲ ಅಂದ್ರ ಈಗ ಅನ್ರಿ."

"ನಾ ದೊಡ್ಡ ಆಟಗಾರ ಅಲ್ಲ. ಎಂದೂ ಆಗಿರಲಿಲ್ಲ. ನೀ ನೋಡಿದವ ಬ್ಯಾರೆ."

ನಸೀರಾ ಅವನ ಹಣೆಯ ಬೆವರು ಒರೆಸಿದಳು.

"ಅವ ಹೋದ," ಅಂದಳು. "ನೀವು ಗಂಜಿ ಕುಡೀರಿ."